ಮನೆಯ ಗಣಕ: ವ್ಯವಸ್ಥೆ ಬದಲಿಸುವ ಮುನ್ನ

(ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅಂದು ಯಾವ ಗಣಕವೂ ಕೆಡಲಿಲ್ಲ. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದಾಗ ಎಲ್ಲವೂ ಹಿಂದಿನಂತೆಯೇ ತೆರೆದುಕೊಂಡವು. ತೋಟದ ಲೆಕ್ಕ, ಮದುವೆಯ ಛಾಯಾಚಿತ್ರ, ಮಕ್ಕಳ ಪ್ರಾಜೆಕ್ಟು ಎಲ್ಲವೂ ಇದ್ದಲ್ಲೇ ಇದ್ದವು. ಆದರೂ ಪರದೆಯ ಮೇಲೆ ಎಚ್ಚರಿಕೆಯ ಫಲಕವೊಂದು ಮೂಡತೊಡಗಿತು. ಪೇಟೆಯ ಅಂಗಡಿಯಲ್ಲಿ ವಿಚಾರಿಸಿದವರಿಗೆ ‘ಇದು ಹಳೇದಾಯ್ತು, ಹೊಸ ಸಿಸ್ಟಮ್ಮೇ ತಗೊಳ್ಳಿ’ ಎಂಬ ಉತ್ತರ ದೊರೆಯಿತು.

‘ಸಿಸ್ಟಂ’ ಎಂಬ ಈ ಪದದಲ್ಲೇ ಗೊಂದಲದ ಬೇರು ಇದೆ. ಅಂಗಡಿಯವರ ಬಾಯಲ್ಲಿ ಅದು ಇಡೀ ಪೆಟ್ಟಿಗೆ. ಕಂಪನಿಯ ಫಲಕದಲ್ಲಿ ಅದು ಪೆಟ್ಟಿಗೆಯೊಳಗಿನ ಒಂದು ತಂತ್ರಾಂಶ. ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಕೀಬೋರ್ಡ್, ಪ್ರಿಂಟರ್ ಮುಂತಾದವನ್ನು ಒಂದು ಶಿಸ್ತಿಗೆ ತಂದು, ಬರೆಯುವ, ಲೆಕ್ಕ ಮಾಡುವ, ಅಂತರ್ಜಾಲ ನೋಡುವ ತಂತ್ರಾಂಶಗಳಿಗೆ ಅವನ್ನು ಒದಗಿಸಿಕೊಡುವುದೇ ಕಾರ್ಯಾಚರಣ ವ್ಯವಸ್ಥೆ. ಅವಧಿ ಮುಗಿದಿರುವುದು ಈ ತಂತ್ರಾಂಶದ್ದು. ಕಬ್ಬಿಣ, ತಾಮ್ರ, ಸಿಲಿಕಾನುಗಳಿಂದಾದ ಯಂತ್ರದ ಅವಧಿ ಅದರೊಂದಿಗೇ ಮುಗಿಯಬೇಕೆಂಬ ನಿಯಮವೇನೂ ಇಲ್ಲ.

ಹಾಗಾದರೆ ಬೆಂಬಲ ನಿಂತರೆ ನಷ್ಟವೇನು? ಮಲೆನಾಡಿನವರಿಗೆ ಇದನ್ನು ತಿಳಿಯಲು ಮಾಡಿನ ಕಡೆ ನೋಡಿದರೆ ಸಾಕು. ಮಳೆಗಾಲಕ್ಕೆ ಮುನ್ನ ಯಾರಾದರೂ ಮಾಡು ಹತ್ತಿ ಒಡೆದ ಹಂಚುಗಳನ್ನು ಬದಲಿಸುತ್ತಾರೆ. ಒಂದು ವರ್ಷ ಹತ್ತದಿದ್ದರೆ ಮನೆ ಬೀಳುವುದಿಲ್ಲ. ಆದರೆ ಒಡೆದ ಹಂಚು ತಾನಾಗಿ ಕೂಡಿಕೊಳ್ಳುವುದೂ ಇಲ್ಲ. ಕಾರ್ಯಾಚರಣ ವ್ಯವಸ್ಥೆಯಲ್ಲಿ ಕೋಟಿಗಟ್ಟಲೆ ಸಾಲುಗಳ ಸಂಕೇತವಿರುತ್ತದೆ; ಅದರಲ್ಲಿ ದೋಷಗಳು ಕಂಡುಬರುತ್ತಲೇ ಇರುತ್ತವೆ. ಅವನ್ನು ಮುಚ್ಚುವ ತೇಪೆಗಳನ್ನು ಕಂಪನಿ ತಿಂಗಳಿಗೊಮ್ಮೆ ಕಳುಹಿಸುತ್ತದೆ. ಬೆಂಬಲ ನಿಲ್ಲುವುದೆಂದರೆ ಈ ತೇಪೆಗಳು ನಿಲ್ಲುವುದು.

ಇಲ್ಲಿ ಹಂಚಿನ ಹೋಲಿಕೆ ಸಾಲದ ಒಂದು ಸಂಗತಿಯಿದೆ. ವಿಂಡೋಸ್ 10 ಮತ್ತು 11ರ ಒಳಗಿನ ಬಹುಭಾಗ ಒಂದೇ ಮೂಲದ್ದು. 11ಕ್ಕೆ ತೇಪೆ ಬಿಡುಗಡೆಯಾದೊಡನೆ ದುಷ್ಕರ್ಮಿಗಳು ಅದನ್ನು ಬಿಚ್ಚಿ ನೋಡಿ, ದೋಷವಿದ್ದ ಜಾಗವನ್ನು ಗುರುತಿಸುತ್ತಾರೆ. ಅದೇ ದೋಷ 10ರಲ್ಲಿದ್ದು ಅಲ್ಲಿ ಮುಚ್ಚದೇ ಉಳಿದಿದ್ದರೆ ಕಳ್ಳನಿಗೆ ನಕ್ಷೆ ಕೊಟ್ಟಂತಾಯಿತು. ಆದುದರಿಂದ ಬೆಂಬಲ ನಿಂತ ವ್ಯವಸ್ಥೆಯ ಅಪಾಯ ಮೊದಲ ದಿನವೇ ಎರಗುವುದಿಲ್ಲ. ತಿಂಗಳು ಕಳೆದಂತೆ ಏರುತ್ತಾ ಹೋಗುತ್ತದೆ.

ಇದು ಬರಿಯ ಬೆದರಿಕೆಯಲ್ಲ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ತೇಪೆ ನೀಡಿತ್ತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು, ಆಗ ಇನ್ನೂ ಬೆಂಬಲವಿದ್ದ ವಿಂಡೋಸ್ 7ರ ಗಣಕಗಳು. ತೇಪೆ ಬಂದಿತ್ತು, ಹಾಕಿಕೊಂಡಿರಲಿಲ್ಲ. ಹೊಸ ವ್ಯವಸ್ಥೆ ಇದ್ದೂ ಪರಿಷ್ಕರಣೆಯನ್ನು ತಡೆದಿಟ್ಟ ಮನೆಗೂ, ಹಳೆಯ ವ್ಯವಸ್ಥೆಯ ಮನೆಗೂ ಈ ವಿಷಯದಲ್ಲಿ ವ್ಯತ್ಯಾಸ ಕಡಿಮೆ. ‘ಡೇಟಾ ಖರ್ಚಾಗುತ್ತದೆ’ ಎಂದು ಪರಿಷ್ಕರಣೆಯನ್ನು ನಿಲ್ಲಿಸಿಟ್ಟ ಗಣಕಗಳು ಹಳ್ಳಿಗಳಲ್ಲಿ ಅಪರೂಪವಲ್ಲ.

ವಿಂಡೋಸ್ 11 ಬಿಡುಗಡೆಯಾದುದು 2021ರ ಅಕ್ಟೋಬರ್ 5ರಂದು. ಅರ್ಹ ಗಣಕಗಳಿಗೆ 10ರಿಂದ 11ಕ್ಕೆ ಏರುವುದು ಉಚಿತ. ತೊಡಕಿರುವುದು ‘ಅರ್ಹ’ ಎಂಬ ಮಾತಿನಲ್ಲಿ. 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹಜಾಗ ಎಂಬ ಷರತ್ತುಗಳು ದೊಡ್ಡವಲ್ಲ. ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಸೆಕ್ಯೂರ್ ಬೂಟ್ ಸೌಲಭ್ಯವಿರಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯಿಂದ ಮುಂದಿನವು ಮಾತ್ರ ಈ ಪಟ್ಟಿಯಲ್ಲಿವೆ. ಗುರುತಿಸುವುದು ಸುಲಭ: ಐ5-3470 ಎಂದಿದ್ದರೆ ಅಡ್ಡಗೆರೆಯ ನಂತರದ 3 ಪೀಳಿಗೆಯ ಸಂಖ್ಯೆ, ಐ5-8250 ಎಂದಿದ್ದರೆ ಎಂಟನೆಯದು. ಪಿಸಿ ಹೆಲ್ತ್ ಚೆಕ್ ಎಂಬ ಕಂಪನಿಯದೇ ಪುಟ್ಟ ತಂತ್ರಾಂಶವೂ ಇದನ್ನು ಹೇಳುತ್ತದೆ. ಕೆಲವು ಗಣಕಗಳಲ್ಲಿ ಟಿಪಿಎಂ ಇದ್ದೂ ಬಯೋಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ. ಯಂತ್ರ ಎಂಟನೆಯ ಪೀಳಿಗೆಯದಾಗಿದ್ದೂ ‘ಅನರ್ಹ’ ಎಂಬ ಉತ್ತರ ಬಂದರೆ ಮೊದಲು ಅದನ್ನು ನೋಡಬೇಕು; ಅಂಗಡಿಗೆ ಓಡಬೇಕಾಗಿಲ್ಲ.

ಈ ಷರತ್ತುಗಳು ಕೇವಲ ಮಾರಾಟದ ಹೂಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಟಿಪಿಎಂ ಗುಪ್ತಕೀಲಿಗಳನ್ನು ಕಾಯುತ್ತದೆ, ಸೆಕ್ಯೂರ್ ಬೂಟ್ ವ್ಯವಸ್ಥೆ ಆರಂಭವಾಗುವ ಮುನ್ನವೇ ನುಸುಳುವ ಕುತಂತ್ರಾಂಶವನ್ನು ತಡೆಯುತ್ತದೆ. ಆದರೆ ಅದರ ಬೆಲೆ ತೆರುವವರು ಯಾರೆಂಬ ಪ್ರಶ್ನೆ ಬೇರೆ. ವಿಂಡೋಸ್ 10 ಬಂದ 2015ರಲ್ಲಿ ಆ ಕಂಪನಿಯ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ, ಇದೇ ವಿಂಡೋಸಿನ ಕೊನೆಯ ಆವೃತ್ತಿ ಎಂದಿದ್ದರು. ಆರೇ ವರ್ಷಗಳಲ್ಲಿ ಮುಂದಿನದು ಬಂದಿತು. ಅನರ್ಹ ಗಣಕಕ್ಕೆ ಅಡ್ಡದಾರಿಯಿಂದ 11 ಹಾಕಿಕೊಡುವವರೂ ಇದ್ದಾರೆ. ಹಾಗೆ ಹಾಕಿದ ಗಣಕಗಳಿಗೆ ಪರಿಷ್ಕರಣೆಯ ಖಾತರಿಯಿಲ್ಲವೆಂದು ಕಂಪನಿ ಹೇಳಿದೆ. 2024ರ 24ಎಚ್2 ಆವೃತ್ತಿಯಂತೂ ತೀರ ಹಳೆಯ ಪ್ರೊಸೆಸರ್‌ಗಳಲ್ಲಿ ಆರಂಭವೇ ಆಗುವುದಿಲ್ಲ.

ಘಟ್ಟದ ಮೇಲಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. 2013ರಲ್ಲಿ ಕೊಂಡ ಡೆಸ್ಕ್‌ಟಾಪ್, ಮೂರನೆಯ ಪೀಳಿಗೆಯ ಪ್ರೊಸೆಸರ್, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ಬಂದಾಗ ವಿಂಡೋಸ್ 7 ಇತ್ತು. ಮುಂದೆ ಉಚಿತವಾಗಿ 10 ಆಯಿತು. ಮಗಳು ಶಿವಮೊಗ್ಗದಲ್ಲಿ ಓದುತ್ತಾಳೆ, ರಜೆಯಲ್ಲಿ ಬಂದಿದ್ದಾಳೆ.

‘ಅಪ್ಪಯ್ಯ, ಇದಕ್ಕೆ ಹನ್ನೊಂದು ಬರೋದಿಲ್ಲ. ಇದರಲ್ಲಿ ಬ್ಯಾಂಕಿನ ಕೆಲಸ ಮಾಡ್ಬೇಡಿ. ಹೊಸದೇ ತಗೊಳ್ಳೋಣ.’

‘ಲೆಕ್ಕ ಬರಿಯೋದಕ್ಕೆ ಸಾಕಲ್ಲ ಪುಟ್ಟಿ. ಕೆಟ್ಟಿಲ್ಲ, ಮುರಿದಿಲ್ಲ. ಅಡಿಕೆ ರೇಟು ನೋಡಿದ್ಯಾ?’

ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರೂ ಒಂದೇ ಗಣಕದ ಎರಡು ಬೇರೆ ಕೆಲಸಗಳ ಬಗ್ಗೆ ಮಾತಾಡುತ್ತಿದ್ದಾರೆ. ಅಂತರ್ಜಾಲದ ತಂತಿಯನ್ನೇ ಕಾಣದೆ, ಲೆಕ್ಕ ಬರೆಯಲು ಮತ್ತು ಪತ್ರ ಟೈಪು ಮಾಡಲು ಮಾತ್ರ ಬಳಕೆಯಾಗುವ ಗಣಕ ಈಗಿನ ವ್ಯವಸ್ಥೆಯಲ್ಲೇ ವರ್ಷಗಟ್ಟಲೆ ನಡೆದೀತು. ಅದಕ್ಕೆ ಹಾಕುವ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಯಿಂದ ವೈರಸ್ ಹೊತ್ತು ಬರದಂತೆ ನೋಡಿಕೊಂಡರಾಯಿತು. ಬ್ಯಾಂಕ್ ವ್ಯವಹಾರ, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಸಂಖ್ಯೆ ತುಂಬುವ ಕೆಲಸ ನಡೆಯುವ ಗಣಕದಲ್ಲಿ ತೇಪೆಯಿಲ್ಲದ ವ್ಯವಸ್ಥೆಯನ್ನು ಮುಂದುವರಿಸುವುದು ಮಾತ್ರ ಸಲ್ಲದು. ಗಣಕವನ್ನು ಕೊಂಡ ವರ್ಷಕ್ಕಿಂತ ಅದರ ಮುಂದೆ ಕುಳಿತು ಮಾಡುವ ಕೆಲಸವೇ ಈ ತೀರ್ಮಾನದಲ್ಲಿ ಮುಖ್ಯ.

ಅಪ್ಪಯ್ಯನ ಹಿಂಜರಿಕೆ ಹಣದ್ದು ಮಾತ್ರವೆಂದು ತಿಳಿಯಬಾರದು. ಲ್ಯಾಪ್‌ಟಾಪ್ ಒಂದರ ಇಡೀ ಬಾಳಿನಲ್ಲಿ ವಾತಾವರಣ ಸೇರುವ ಇಂಗಾಲದ ಬಹುಪಾಲು, ಅದನ್ನು ಯಾರೂ ಬಳಸುವ ಮುನ್ನವೇ, ತಯಾರಿಕೆಯ ಹಂತದಲ್ಲೇ ಸೇರಿಬಿಟ್ಟಿರುತ್ತದೆ. ಚಿಲಿಯ ತಾಮ್ರ, ಕಾಂಗೋದ ಕೋಬಾಲ್ಟ್, ಅಪಾರ ಶುದ್ಧನೀರು ಬೇಡುವ ಚಿಪ್ ಕಾರ್ಖಾನೆ, ಇಷ್ಟರ ಫಲ ಆ ಪೆಟ್ಟಿಗೆ. ವಿದ್ಯುತ್ತು ಉಳಿಸುತ್ತದೆಂಬ ಒಂದೇ ಕಾರಣಕ್ಕೆ ಹೊಸ ಗಣಕ ಕೊಳ್ಳುವುದು, ದಿನಕ್ಕೆ ಗಂಟೆಯೆರಡು ಗಂಟೆ ಬಳಸುವ ಮನೆಗೆ ಲಾಭದ ಲೆಕ್ಕವಲ್ಲ. 2023ರ ಕೊನೆಯಲ್ಲಿ ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ, ವಿಂಡೋಸ್ 10ರ ಬೆಂಬಲ ನಿಲ್ಲುವುದರಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಗಣಕಗಳು ತ್ಯಾಜ್ಯವಾಗಬಹುದೆಂದು ಅಂದಾಜಿಸಿತ್ತು. ವಿಶ್ವಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದು ಶೇಕಡಾ 22.3 ಮಾತ್ರ. ಉಳಿದುದರಲ್ಲಿ ಬಹಳಷ್ಟು ದೆಹಲಿಯ ಸೀಲಂಪುರದಂಥ ಜಾಗಗಳಲ್ಲಿ ಬಿಚ್ಚಿಕೊಳ್ಳುತ್ತದೆ. ತಂತಿಯ ಪ್ಲಾಸ್ಟಿಕ್ ಸುಟ್ಟು ತಾಮ್ರ, ಫಲಕವನ್ನು ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುತ್ತಾರೆ. ಹೊಗೆಯನ್ನು ಉಸಿರಾಡುವವರು ಗಣಕವನ್ನು ಎಂದೂ ಬಳಸದವರು.

ಹಾಗಾದರೆ ಆ ಮನೆಗೆ ಇರುವ ದಾರಿಗಳೇನು? ಮೊದಲನೆಯದು ಕಾಲಾವಕಾಶ ಪಡೆಯುವುದು. ವಿಂಡೋಸ್ 10ರ 22ಎಚ್2 ಆವೃತ್ತಿ ಇರುವ ಮನೆಬಳಕೆಯ ಗಣಕಗಳಿಗೆ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಮಾತ್ರ ಮುಂದುವರಿಸುವ ಯೋಜನೆಯೊಂದನ್ನು ಕಂಪನಿ 2025ರಲ್ಲಿ ಪ್ರಕಟಿಸಿತು. ಇದಕ್ಕೆ 30 ಡಾಲರ್ ಶುಲ್ಕ ಕಟ್ಟಬಹುದು, ಅಥವಾ ಗಣಕದ ಸಂಯೋಜನೆಗಳನ್ನು ಕಂಪನಿಯ ಸರ್ವರ್‌ಗೆ ಪ್ರತಿಮಾಡಲು ಒಪ್ಪಿದರೆ ಶುಲ್ಕವಿಲ್ಲ. ಯುರೋಪಿನ ಬಳಕೆದಾರರಿಗೆ, ಅಲ್ಲಿನ ಗ್ರಾಹಕ ಸಂಘಟನೆಗಳ ಒತ್ತಾಯದ ನಂತರ, ಈ ಷರತ್ತು ಸಡಿಲವಾಯಿತು, ಭಾರತದವರಿಗೆ ಆಗಲಿಲ್ಲ. ಏನೇ ಆದರೂ ಇದು ಅವಧಿ ವಿಸ್ತರಣೆಯೇ ಹೊರತು ಪರಿಹಾರವಲ್ಲ.

ಎರಡನೆಯ ದಾರಿ ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಜಗತ್ತಿನಾದ್ಯಂತ ಸಾವಿರಾರು ಮಂದಿ ಕೂಡಿ ಬೆಳೆಸಿದ ಸ್ವತಂತ್ರ ತಂತ್ರಾಂಶವಿದು. ಮನೆಬಳಕೆಗೆ ಸುಲಭವಾದ ರೂಪ ಲಿನಕ್ಸ್ ಮಿಂಟ್. ಅದರ 22ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆ. 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 4 ಜಿಬಿ ಇದ್ದರೆ ಸಲೀಸು. ಟಿಪಿಎಂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಪೆನ್‌ಡ್ರೈವ್‌ಗೆ ಬರೆದು ಅಲ್ಲಿಂದಲೇ ಚಾಲನೆ ಮಾಡಿ ನೋಡಬಹುದು. ಹಾರ್ಡ್‌ಡಿಸ್ಕನ್ನು ಮುಟ್ಟುವ ಅಗತ್ಯವಿಲ್ಲ. ಪ್ರಿಂಟರ್ ಮುದ್ರಿಸುತ್ತದೆಯೇ, ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ ಎಂದು ಒಂದು ಸಂಜೆಯಲ್ಲಿ ತಿಳಿಯುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣ ಎರಡು ದಶಕಗಳಿಂದ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆದುಬಂದಿದೆ. ಆದುದರಿಂದ ‘ಅದು ಪಂಡಿತರಿಗೆ ಮಾತ್ರ’ ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಲಿನಕ್ಸ್ ಎಲ್ಲರಿಗೂ ಸರಿಹೋಗುತ್ತದೆ ಎನ್ನುವುದೂ ಅತಿರೇಕ. ಟ್ಯಾಲಿಯಲ್ಲಿ ಲೆಕ್ಕವಿಡುವವರಿಗೆ, ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೆ ವಿಂಡೋಸ್ ಬಿಡುವುದು ಕಷ್ಟ. ಅಂಥವರ ಗಣಕ 11ಕ್ಕೆ ಅರ್ಹವಾಗಿದ್ದರೆ ಹಿಂದೆಮುಂದೆ ನೋಡದೆ ಏರಿಸುವುದೇ ಸರಿ. ಅರ್ಹವಲ್ಲದಿದ್ದರೆ, ಎಂಟನೆಯ ಪೀಳಿಗೆಯ ಹಳೆಯ ಕಚೇರಿ ಗಣಕವೊಂದನ್ನು ಎರಡನೆಯ ಕೈಯಿಂದ ಕೊಳ್ಳುವುದನ್ನೂ ಯೋಚಿಸಬಹುದು.

ಕನ್ನಡದ ಮನೆಗಳಿಗೆ ಎದುರಾಗುವ, ಅಂಗಡಿಯವರು ಎಂದೂ ಹೇಳದ ಸಮಸ್ಯೆಯೊಂದಿದೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿಟ್ಟ ಕಡತಗಳ ಒಳಗೆ ಇರುವುದು ನಿಜಕ್ಕೂ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಆ ಸಂಕೇತಗಳ ಮೇಲೆ ಕನ್ನಡದ ಆಕಾರ ಹೊದಿಸುವುದು ಆ ಅಕ್ಷರಶೈಲಿ. ಹೊಸ ವ್ಯವಸ್ಥೆಯಲ್ಲಿ ಅದು ಇಲ್ಲದಿದ್ದರೆ, ಹತ್ತು ವರ್ಷಗಳ ಸಂಘದ ನಡಾವಳಿ, ಅಜ್ಜಿ ಹೇಳಿ ಬರೆಸಿದ ಹಾಡುಗಳು, ಗಿಡಮೂಲಿಕೆಗಳ ಪಟ್ಟಿ ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ತಿಳಿದು ಅಳಿಸುವವರೂ ಉಂಟು. ಕಡತ ಕೆಟ್ಟಿರುವುದಿಲ್ಲ. ಹಳೆಯ ಗಣಕ ನಡೆಯುತ್ತಿರುವಾಗಲೇ ನುಡಿ ಅಥವಾ ಬರಹದಲ್ಲಿರುವ ಪರಿವರ್ತಕದಿಂದ ಅವನ್ನು ಯುನಿಕೋಡ್‌ಗೆ ಬದಲಿಸಬೇಕು. ಜತೆಗೆ ಮೂಲ ಕಡತವನ್ನೂ ಆ ಅಕ್ಷರಶೈಲಿಯ ಪ್ರತಿಯನ್ನೂ ಉಳಿಸಿಕೊಳ್ಳಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಕೆಲವೊಮ್ಮೆ ಸ್ಥಾನಪಲ್ಲಟವಾಗುವುದರಿಂದ ಒಂದು ಸಲ ಓದಿ ನೋಡುವುದು ಅಗತ್ಯ. ರಜೆಯಲ್ಲಿ ಊರಿಗೆ ಬರುವ ವಿದ್ಯಾರ್ಥಿಗಳು ಇದೊಂದು ಕೆಲಸ ಮಾಡಿಕೊಟ್ಟರೂ ದೊಡ್ಡದು.

ಯುನಿಕೋಡ್ ಆದ ಮೇಲೆ ವಿಂಡೋಸ್ ಆದರೇನು, ಲಿನಕ್ಸ್ ಆದರೇನು, ಮೊಬೈಲ್ ಆದರೇನು, ಅದೇ ಕನ್ನಡ. ಲಿನಕ್ಸ್‌ಗೆ ಹೋದರೆ ಕನ್ನಡ ಟೈಪಿಂಗ್ ಹೊಸದಾಗಿ ಕಲಿಯಬೇಕೆಂಬ ಅಂಜಿಕೆಯೂ ಬೇಡ. ಅದರ ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಕಗಪ ಎಂಬುದೂ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ, ನುಡಿಯಲ್ಲಿ ಕೈ ಪಳಗಿದವರಿಗೆ ಪರಿಚಿತವಾದ ವಿನ್ಯಾಸ. ಗುಬ್ಬಿ, ನವಿಲು ಎಂಬ ಹೆಸರಿನ ಸ್ವತಂತ್ರ ಕನ್ನಡ ಅಕ್ಷರಶೈಲಿಗಳೂ ಅಲ್ಲಿವೆ. ಅಂಗಳದಿಂದ ಮಾಯವಾಗುತ್ತಿರುವ ಗುಬ್ಬಿ ಗಣಕದಲ್ಲಾದರೂ ಉಳಿದಿದೆ.

ದಾರಿ ಯಾವುದಾದರೂ, ವ್ಯವಸ್ಥೆ ಬದಲಿಸುವ ಮುನ್ನ ಕಡತಗಳ ಪ್ರತಿ ತೆಗೆಯಲೇಬೇಕು. ಒಂದು ಪ್ರತಿ ಹೊರ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಪ್ರತಿ ಮಾಡಿದ ಮೇಲೆ ಬೇರೊಂದು ಗಣಕದಲ್ಲಿ ತೆರೆದು ನೋಡಬೇಕು. ತೆರೆಯದ ಪ್ರತಿಯನ್ನು ನಂಬುವಂತಿಲ್ಲ. ಮಲೆನಾಡಿನಲ್ಲಿ ಸಿ.ಡಿ.ಗಳಿಗೆ ಬೂಸಲು ಹಿಡಿಯುತ್ತದೆ. ಅವನ್ನು ನೆಚ್ಚಿಕೊಂಡವರು ಈಗಲೇ ಬೇರೆಡೆಗೆ ಸಾಗಿಸುವುದು ಲೇಸು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಮಧ್ಯಾಹ್ನಗಳಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ವಿದ್ಯುತ್ ಹೋದರೆ ಅರ್ಧಕ್ಕೇ ನಿಂತ ಅನುಸ್ಥಾಪನೆ ಗಣಕವನ್ನು ಏಳದಂತೆ ಮಾಡೀತು. ಸಿಡಿಲಿನ ಸಮಯದಲ್ಲಿ ವಿದ್ಯುತ್ ಪ್ಲಗ್ ಜತೆಗೆ ಫೋನ್ ಅಥವಾ ನೆಟ್‌ನ ತಂತಿಯನ್ನೂ ಕಳಚಿಡಬೇಕೆಂಬುದನ್ನು ಅನೇಕರು ಮರೆಯುತ್ತಾರೆ.

ಅಂಗಡಿಯಲ್ಲಿ ಈ ಕೆಲಸ ಮಾಡಿಸುವವರು ಎರಡು ವಿಷಯಗಳಲ್ಲಿ ಖಡಾಖಂಡಿತವಾಗಿರಬೇಕು. ಪರವಾನಗಿಯಿಲ್ಲದ ವಿಂಡೋಸ್ ಹಾಕಿ, ಅದನ್ನು ಸಕ್ರಿಯಗೊಳಿಸಲು ಎಲ್ಲಿಂದಲೋ ತಂದ ತಂತ್ರಾಂಶ ಓಡಿಸುವುದು ಸಾಮಾನ್ಯವಾಗಿಬಿಟ್ಟಿದೆ. ಆ ತಂತ್ರಾಂಶ ಕೆಲಸ ಮಾಡಲು ಮೊದಲು ವೈರಸ್ ನಿರೋಧಕವನ್ನೇ ನಿಲ್ಲಿಸಬೇಕಾಗುತ್ತದೆ. ಭದ್ರತೆಗೆಂದು ವ್ಯವಸ್ಥೆ ಬದಲಿಸಿ ಕಳ್ಳನನ್ನೇ ಕಾವಲಿಗೆ ನಿಲ್ಲಿಸಿದಂತೆ. ಎರಡನೆಯದು ಖಾತೆ. ವಿಂಡೋಸ್ 11ರ ಹೊಸ ಆವೃತ್ತಿಗಳು ಹೊಸದಾಗಿ ಅನುಸ್ಥಾಪಿಸಿದಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತವೆ, ಬಹಳಷ್ಟು ಗಣಕಗಳಲ್ಲಿ ಡಿಸ್ಕನ್ನು ತಾವಾಗಿಯೇ ಗೂಢಲಿಪಿಗೆ ಬದಲಿಸುತ್ತವೆ. ಅದನ್ನು ಬಿಡಿಸುವ ಕೀಲಿ ಆ ಖಾತೆಗೆ ಹೋಗಿ ಸೇರುತ್ತದೆ. ಅಂಗಡಿಯ ಹುಡುಗ ಅವಸರದಲ್ಲಿ ತನ್ನ ಇ-ಮೇಲ್ ಹಾಕಿ ಮುಗಿಸಿದರೆ ಮನೆಯ ಕಡತಗಳ ಕೀಲಿ ಅವನ ಬಳಿ ಇರುತ್ತದೆ. ಮುಂದೆ ಮದರ್‌ಬೋರ್ಡ್ ಕೆಟ್ಟ ದಿನ ಆ ಹುಡುಗ ಎಲ್ಲಿರುತ್ತಾನೋ. ಮನೆಯವರದೇ ಖಾತೆ ತೆರೆದು, ಕೀಲಿಯ ಅಂಕೆಗಳನ್ನು ಕಾಗದದಲ್ಲಿ ಬರೆದು, ಜಮೀನಿನ ಕಾಗದಪತ್ರಗಳ ಜತೆ ಇಡುವುದು ಒಳ್ಳೆಯದು.

ಗಣಕ ನಿಧಾನವಾಗಿದೆ ಎಂಬ ಕಾರಣಕ್ಕೆ ಬದಲಿಸಹೊರಟವರಿಗೆ ಒಂದು ಮಾತು. 2013ರ ಆ ಡೆಸ್ಕ್‌ಟಾಪ್ ತೆವಳುವುದು ಹೆಚ್ಚಾಗಿ ತಿರುಗುವ ಹಾರ್ಡ್‌ಡಿಸ್ಕಿನಿಂದ. ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಜಿಬಿಗೆ ಏರಿಸಿದರೆ, ಹೊಸ ಗಣಕದ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಅದು ಮತ್ತೆ ಚುರುಕಾಗುತ್ತದೆ. ಆ ಮನೆಗೆ ಹೊಂದುವ ತೀರ್ಮಾನವೂ ಬಹುಶಃ ಇದೇ: ಎಸ್‌ಎಸ್‌ಡಿ, ಅದರಲ್ಲಿ ಲಿನಕ್ಸ್ ಮಿಂಟ್, ಬ್ಯಾಂಕಿನ ಕೆಲಸ ಅದರಲ್ಲೇ. ಅಪ್ಪಯ್ಯನ ಲೆಕ್ಕ ಲಿಬ್ರೆ ಆಫೀಸ್‌ನಲ್ಲಿ ಮುಂದುವರಿಯುತ್ತದೆ. ಮಗಳ ತರಗತಿಗೆ ಬೇಕಾದ ತಂತ್ರಾಂಶ ವಿಂಡೋಸನ್ನೇ ಬೇಡುವುದಾದರೆ ಅದು ಅವಳ ಓದಿನ ಖರ್ಚೆಂದು ಬೇರೆಯಾಗಿ ಯೋಚಿಸಬೇಕು.

ನಿಜಕ್ಕೂ ಕೆಟ್ಟು, ರಿಪೇರಿಗೆ ಬಗ್ಗದ ಗಣಕವನ್ನು ಗುಜರಿಗೆ ಹಾಕುವ ಮುನ್ನ ವಿಚಾರಿಸಬೇಕಾದುದಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಬಳಸಿ ಮುಗಿದ ಉಪಕರಣಗಳು ನೋಂದಾಯಿತ ಮರುಬಳಕೆದಾರರನ್ನು ತಲುಪುವಂತೆ ನೋಡಿಕೊಳ್ಳುವ ಹೊಣೆ ತಯಾರಕರದು. ಘಟ್ಟದ ಊರುಗಳಲ್ಲಿ ಸಂಗ್ರಹ ಕೇಂದ್ರ ಹತ್ತಿರವಿಲ್ಲ. ನಾಲ್ಕಾರು ಮನೆಗಳವರು ಕೂಡಿಸಿಟ್ಟು, ನಗರಕ್ಕೆ ಹೋಗುವ ವಾಹನದಲ್ಲಿ ಒಟ್ಟಿಗೆ ಕಳುಹಿಸಬಹುದು. ಪೆಟ್ಟಿಗೆ ಹೋದರೂ ಡಿಸ್ಕ್ ಮಾತ್ರ ಹಾಗೆಯೇ ಹೋಗಬಾರದು. ಅಳಿಸಿದೆವೆಂದುಕೊಂಡ ಕಡತಗಳನ್ನು ಮರಳಿ ತೆಗೆಯುವುದು ಕಷ್ಟದ ವಿದ್ಯೆಯೇನಲ್ಲ. ಡಿಸ್ಕನ್ನು ಬಿಚ್ಚಿಕೊಂಡು, ಹೊಸ ವ್ಯವಸ್ಥೆಯಲ್ಲಿ ಎಲ್ಲ ಕಡತಗಳೂ ತೆರೆಯುತ್ತಿವೆಯೆಂದು ಖಚಿತವಾಗುವವರೆಗೆ, ಒಂದು ಮಳೆಗಾಲವಾದರೂ, ಒಣಗಿದ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು.